ಎರಡು ರಬ್ಬರ್ ಪೈಪು, ಒಂದು ಊದುಬತ್ತಿ

ನಮ್ಮ ಕಡೆಯ ಕಾರಿಗೆ ಹೀಟರ್ ಯಾತಕ್ಕೆ ಎಂದು ಕೇಳುವವರು ಜುಲೈ ತಿಂಗಳಲ್ಲಿ ಒಮ್ಮೆ ಮಡಿಕೇರಿ ಸುತ್ತಮುತ್ತ ಬೆಳಗಿನ ಹೊತ್ತು ಕಾರು ಓಡಿಸಿ ನೋಡಬೇಕು. ಹೊರಗೆ ಜಡಿಮಳೆ. ಕಿಟಕಿ ಇಳಿಸಿದರೆ ಮೈಯೆಲ್ಲ ಒದ್ದೆ. ಏರಿಸಿದರೆ ಹತ್ತೇ ನಿಮಿಷದಲ್ಲಿ ಮುಂದಿನ ಗಾಜು ಮಸುಕು. ಹೊರಗಿನ ನೀರನ್ನು ವೈಪರ್ ಒರೆಸುತ್ತದೆ, ಸರಿ. ಒಳಗಿನದನ್ನು ಯಾರು ಒರೆಸಬೇಕು?

ಹಳೆಯ ಕಾರುಗಳಲ್ಲಿ ಅದು ಹೀಟರಿನ ಕೆಲಸ. ಇದರ ಹಿಂದಿರುವುದು ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಆರ್ದ್ರತೆಯ ಪಾಠವೇ. ಒಂದು ಘನ ಮೀಟರ್ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 30 ಡಿಗ್ರಿಯಲ್ಲಾದರೆ ಸುಮಾರು 30 ಗ್ರಾಂ. ನಮ್ಮ ಉಸಿರು, ಒದ್ದೆ ಬಟ್ಟೆ, ಕೊಡೆಯಿಂದ ಇಳಿಯುವ ನೀರು ಎಲ್ಲ ಸೇರಿ ಒಳಗಿನ ಗಾಳಿ ಆವಿಯಿಂದ ತುಂಬಿರುತ್ತದೆ. ಅದು ತಣ್ಣಗಿನ ಗಾಜಿಗೆ ತಾಗಿದಲ್ಲಿ ಹನಿಯಾಗುತ್ತದೆ. ಬಿಸಿ ಗಾಳಿ ಊದಿದರೆ ಗಾಜೂ ಬೆಚ್ಚಗಾಗುತ್ತದೆ, ಹನಿಗಳೂ ಮತ್ತೆ ಆವಿಯಾಗುತ್ತವೆ.

ಹೀಟರಿಗೆಂದು ಬೇರೆ ಬೆಂಕಿಯಿಲ್ಲ. ಎಂಜಿನ್ ತಣಿಸಲು ಸುತ್ತುವ ನೀರಿನಲ್ಲಿ ಸ್ವಲ್ಪ ಭಾಗ ಒಂದು ನಲ್ಲಿಯನ್ನು ದಾಟಿ, ರಬ್ಬರ್ ಪೈಪಿನಲ್ಲಿ ಹರಿದು, ಡ್ಯಾಶ್‌ಬೋರ್ಡಿನ ಕೆಳಗಿರುವ ಪುಟ್ಟ ರೇಡಿಯೇಟರಿಗೆ ಬರುತ್ತದೆ. ಹಿಂದಿನಿಂದ ಫ್ಯಾನು ಗಾಳಿ ಊದುತ್ತದೆ. ತಣಿದ ನೀರು ಇನ್ನೊಂದು ಪೈಪಿನಲ್ಲಿ ವಾಪಸು ಹೋಗುತ್ತದೆ. ಅನ್ನ ಬೇಯಿಸುವ ಉರಿಯಲ್ಲೇ ಪಕ್ಕದ ಒಲೆಯ ಮೇಲೆ ನೀರು ಕಾದ ಹಾಗೆ.

ಮಡಿಕೇರಿ ಬಳಿಯ ನನ್ನ ವಕೀಲ ಸ್ನೇಹಿತರಲ್ಲಿ ಅವರ ತಂದೆಯ ಕಾಲದ 1957ರ ಮೋರಿಸ್ ಮೈನರ್ ಇದೆ. ಮುಂದೆ 1959ರಲ್ಲಿ 'ಮಿನಿ' ಕಾರನ್ನು ಕೊಟ್ಟ ಅಲೆಕ್ ಇಸಿಗೋನಿಸ್ ಅವರದೇ ವಿನ್ಯಾಸ. 1948ರಿಂದ 1971ರವರೆಗೆ ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ, 948 ಸಿ.ಸಿ. ಎಂಜಿನ್ನಿನ ಪುಟ್ಟ ಕಾರು. ಎರಡನೇ ಪಿ.ಯು. ಓದುವ ಮಗಳನ್ನು ಅವರು ಅದರಲ್ಲೇ ಕಾಲೇಜಿಗೆ ಬಿಡುತ್ತಿದ್ದರು. ಮುಂದಿನ ಸೀಟಿನಲ್ಲಿ ಕುಳಿತು ಹಳೆಯ ಬನಿಯನ್ ತುಂಡಿನಿಂದ ಗಾಜು ಒರೆಸುವುದು ಅವಳ ಕೆಲಸ. ಒಂದು ಬೆಳಿಗ್ಗೆ ತಿರುವಿನಲ್ಲಿ ಎದುರಿನ ಲಾರಿ ಕಂಡದ್ದು ತೀರ ಹತ್ತಿರಕ್ಕೆ ಬಂದ ಮೇಲೆ.

ಗ್ಯಾರೇಜಿನವರು, "ಹೀಟರ್ ಹೋಗಿದೆ, ಪಾರ್ಟ್ಸ್ ಸಿಗಲ್ಲ, ಕಿತ್ತು ಹಾಕಿ ಪೈಪು ಮುಚ್ಚಿಬಿಡೋಣ" ಎಂದಿದ್ದರು. ಸ್ನೇಹಿತರು ಒಪ್ಪಿಯೂ ಇದ್ದರು. ಭಾನುವಾರ ಹೋದವನು, ಕೀಳುವ ಮೊದಲು ಒಮ್ಮೆ ನೋಡೋಣ ಎಂದೆ. ಮಗಳನ್ನೂ ಕರೆದೆ. "ಅವಳಿಗೆ ನಾಳಿದ್ದು ಟೆಸ್ಟ್ ಇದೆ ಮೇಷ್ಟ್ರೇ" ಎಂದರು ತಂದೆ. "ಇದೂ ಅದೇ ಸಿಲೆಬಸ್ಸು, ಬರಲಿ ಬಿಡಿ" ಎಂದೆ.

ಮೊದಲ ಪ್ರಶ್ನೆ: ಇಲ್ಲದಿರುವುದು ಬಿಸಿಯೋ, ಗಾಳಿಯೋ? ಫ್ಯಾನು ತಿರುಗುತ್ತಿತ್ತು, ಕಾಲಿಗೆ ಗಾಳಿ ಬರುತ್ತಿತ್ತು, ಆದರೆ ತಣ್ಣಗೆ. ಹಾಗಾದರೆ ಮೊದಲು ನೀರಿನ ದಾರಿಯನ್ನು ನೋಡಬೇಕು. ಅನುಮಾನ ಅರ್ಧಕ್ಕರ್ಧ ಕಡಿಮೆಯಾಯಿತು.

ಎರಡನೆಯದು: ಎಂಜಿನ್ ಕಾಯುತ್ತಿದೆಯೇ? ಕಾರನ್ನು ಬಯಲಿಗೆ ತಂದು ಹದಿನೈದು ನಿಮಿಷ ಓಡಿಸಿದೆವು. ಮುಚ್ಚಿದ ಷೆಡ್ಡಿನಲ್ಲಿ ಇದನ್ನು ಮಾಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಕೊಲ್ಲುತ್ತದೆ. ಆಮೇಲೆ ಎಂಜಿನ್ ನಿಲ್ಲಿಸಿ ರೇಡಿಯೇಟರಿನ ಮೇಲಿನ ಪೈಪು ಮುಟ್ಟಿದರೆ ಚೆನ್ನಾಗಿ ಬಿಸಿ. ಥರ್ಮೋಸ್ಟಾಟ್ ತೆರೆದೇ ಅಂಟಿಕೊಂಡಿದ್ದರೆ ಚಳಿಯಲ್ಲಿ ಎಂಜಿನ್ನೇ ಸರಿಯಾಗಿ ಕಾಯದು, ಹೀಟರನ್ನು ಬೈದು ಫಲವಿಲ್ಲ.

ಮೂರನೆಯದು ಆ ಎರಡು ಪೈಪುಗಳದ್ದು. ಎರಡೂ ಬಿಸಿಯಿದ್ದರೆ ನೀರು ಸುತ್ತುತ್ತಿದೆ, ದೋಷ ಗಾಳಿಯ ಕಡೆ. ಒಳಗೆ ಹೋಗುವುದು ಬಿಸಿ, ಹೊರಗೆ ಬರುವುದು ತಣ್ಣಗಿದ್ದರೆ ಪುಟ್ಟ ರೇಡಿಯೇಟರ್ ಕಟ್ಟಿದೆ, ಇಲ್ಲವೆ ನಡುವೆ ಗಾಳಿ ಸಿಕ್ಕಿಕೊಂಡಿದೆ. ಎರಡೂ ತಣ್ಣಗಿದ್ದರೆ ನಲ್ಲಿಯನ್ನು ಅನುಮಾನಿಸಬೇಕು. ಮೈನರಿನಲ್ಲಿ ಆ ನಲ್ಲಿ ಎಂಜಿನ್ ಹೆಡ್ಡಿನ ಹಿಂಭಾಗದಲ್ಲಿದೆ. ಹುಡುಗಿ ಬೆರಳಿನ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ ನೋಡಿದಳು.

"ಸರ್, ನಲ್ಲಿ ಸುಡ್ತಾ ಇದೆ. ಆಚೆ ಪೈಪು ತಣ್ಣಗಿದೆ."

"ಹಾಗಾದ್ರೆ ಏನಮ್ಮ?"

"ನೀರು ನಲ್ಲೀನ ದಾಟಿಲ್ಲ."

ಅಷ್ಟೇ. ಅವಳ ಕೈಯೇ ಥರ್ಮಾಮೀಟರ್. ಎಂಜಿನ್ ಪೂರ್ತಿ ತಣಿದ ಮೇಲೆ ನೀರು ಇಳಿಸಿ ನಲ್ಲಿ ಬಿಚ್ಚಿದೆವು. ಹಿಂದಿನ ತೂತಿನಲ್ಲಿ ಕೆಂಪು ಕೆಸರು ಗಟ್ಟಿಯಾಗಿ ಕೂತಿತ್ತು. ಬರೀ ನೀರು ತುಂಬಿಸುತ್ತ ಬಂದರೆ ಎರಕದ ಕಬ್ಬಿಣದ ಎಂಜಿನ್ ಒಳಗೆ ತುಕ್ಕು ಹಿಡಿಯದೆ ಇರುತ್ತದೆಯೇ? ತಂತಿಯಿಂದ ಕೆದಕಿ, ತಿಳಿನೀರು ಬರುವವರೆಗೆ ತೊಳೆದು, ಹೊಸ ವಾಷರ್ ಹಾಕಿ ಕೂರಿಸಿದೆವು. ನೀರನ್ನು ನಿಧಾನವಾಗಿ ತುಂಬಿಸುತ್ತ, ವಾಪಸು ಪೈಪಿನ ಕ್ಲಿಪ್ಪು ಸಡಿಲಿಸಿ ಸಿಕ್ಕಿಕೊಂಡ ಗಾಳಿಯನ್ನು ಬಿಟ್ಟೆವು. ಕಾಲಿಗೆ ಬಿಸಿ ಗಾಳಿ ಬಂತು.

ಆದರೆ ಗಾಜಿನ ಚಾಲಕನ ಬದಿ ಮಸುಕಾಗಿಯೇ ಇತ್ತು. ಈಗ ಗಾಳಿಯ ದಾರಿಯ ಸರದಿ. ಬಾನೆಟ್ ಮುಚ್ಚಿ, ಪೆಟ್ರೋಲ್ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದೇವರ ಮನೆಯಿಂದ ತಂದ ಊದುಬತ್ತಿ ಹಚ್ಚಿ ಗಾಜಿನ ಕೆಳಗಿನ ಸೀಳುಗಳ ಬಳಿ ಹಿಡಿಸಿದೆ. ಎಡಗಡೆ ಹೊಗೆ ಬಾಗಿ ಗಾಜಿನುದ್ದಕ್ಕೂ ಏರಿತು. ಬಲಗಡೆ ದೀಪದ ಕಂಬದಂತೆ ನೆಟ್ಟಗೆ ನಿಂತಿತು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದ ಹುಡುಗಿ, ಬಲಗಡೆಯ ಗಾಳಿ ಕೊಳವೆ ಕಳಚಿ ನೇತಾಡುವುದನ್ನು ತೋರಿಸಿದಳು. ಅದನ್ನು ಕೂರಿಸಿ ತಂತಿ ಸುತ್ತಿ, ಗಾಳಿಯೆಲ್ಲ ಮೇಲಕ್ಕೆ ಹೋಗಲೆಂದು ಹೀಟರಿನ ಪುಟ್ಟ ಬಾಗಿಲುಗಳನ್ನು ಮುಚ್ಚಿದೆವು. ಗಾಜು ತಿಳಿಯಾಯಿತು. ಖರ್ಚು ಒಂದು ವಾಷರು, ಒಂದು ತುಂಡು ತಂತಿ. ಈ ಹೀಟರ್ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವುದರಿಂದ, ಆವಿ ಹೊರಹೋಗಲು ಒಂದು ಕಿಟಕಿಯನ್ನು ಒಂದಂಗುಲ ಇಳಿಸಿಡಿ ಎಂದೂ ಹೇಳಿದೆ.

ಒಂದು ಮಾತನ್ನು ಗಮನಿಸಿ. ನಲ್ಲಿ, ಕೊಳವೆ, ಥರ್ಮೋಸ್ಟಾಟ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರೂ ಹೀಟರ್ ಸರಿಯಾಗುತ್ತಿತ್ತೇನೋ. ಆದರೆ ಕೆಟ್ಟದ್ದು ಯಾವುದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಒಂದೇ ಬದಲಾವಣೆ. ಪ್ರಯೋಗಾಲಯದಲ್ಲಿ ನಾವು ಹೇಳಿಕೊಡಬೇಕಾದದ್ದೂ ಇದನ್ನೇ. ಸಾಂದ್ರೀಕರಣದ ವ್ಯಾಖ್ಯೆ ಆ ಹುಡುಗಿಗೆ ಮೊದಲೇ ಬಾಯಿಪಾಠವಿತ್ತು. ತಾನು ದಿನಾ ಬನಿಯನ್ ತುಂಡಿನಿಂದ ಒರೆಸುತ್ತಿದ್ದುದು ಅದನ್ನೇ ಎಂದು ಗೊತ್ತಾದದ್ದು ಆ ಭಾನುವಾರ.

ಇಂಥ ಕೆಲಸಕ್ಕೆ ಕೈಹಾಕುವವರಿಗೆ ಎರಡು ಎಚ್ಚರಿಕೆ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಮಡಿಕೇರಿಯಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದೊಳಗೆ ಒತ್ತಡವಿರುವುದರಿಂದ ಅದಕ್ಕಿಂತ ಬಿಸಿಯಾದರೂ ಕುದಿಯದೆ ಇರುತ್ತದೆ. ತೆರೆದ ಕ್ಷಣ ಉಕ್ಕಿ ಮುಖಕ್ಕೆ ಎರಚುತ್ತದೆ. ಇನ್ನು ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಎಣ್ಣೆಯಂಥ ಪದರ, ಕಾಲಡಿಯ ಚಾಪೆ ಒದ್ದೆ ಕಂಡರೆ ಪುಟ್ಟ ರೇಡಿಯೇಟರ್ ಸೋರುತ್ತಿದೆ ಎಂದರ್ಥ. ಕೂಲೆಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳು, ನಾಯಿಗಳಿಂದ ದೂರವಿಡಿ.

ಎಲ್ಲರ ಮನೆಯಲ್ಲೂ ಹಳೆಯ ಕಾರು ಇರುವುದಿಲ್ಲ. ಆದರೆ ಕೆಟ್ಟುನಿಂತ ಸೈಕಲ್ಲೋ, ಪಂಪೋ, ಮಿಕ್ಸಿಯೋ ಇದ್ದೇ ಇರುತ್ತದೆ. ರಿಪೇರಿಯವರು ಬರುವ ಮೊದಲು ಮಗುವಿನ ಕೈಗೆ ಪೆನ್ಸಿಲು ಕೊಟ್ಟು, ಏನು ನಡೆಯುತ್ತಿದೆ, ಏನು ನಡೆಯುತ್ತಿಲ್ಲ ಎಂದು ಎರಡು ಪಟ್ಟಿ ಬರೆಸಿ. ಕರೆಂಟಿನದನ್ನು ಮಾತ್ರ ಮುಟ್ಟಲು ಬಿಡಬೇಡಿ, ನೋಡಿ ಬರೆದರೆ ಸಾಕು. ಆಮೇಲೆ ರಿಪೇರಿಯವರು ಏನು ಹೇಳುತ್ತಾರೆ ಎಂದು ಕೇಳಿಸಿಕೊಳ್ಳಲು ಅವನನ್ನೂ ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ. ಅರ್ಧ ಗಂಟೆ ಓದು ತಪ್ಪೀತು ಎಂಬ ಚಿಂತೆ ಬೇಡ.