ಮಿತಿಯೊಳಗೆ

ಜುಲೈ 8, 2025
ಇಡೀ ದಿನ ವಿದ್ಯುತ್ ಸ್ಥಾವರದ ಚಿಮಣಿಯ ಕಟ್ಟೆಯ ಮೇಲೆ, ಹೊಗೆಯ ಪಾದರಸ ಅಳೆಯಲು. ವಿಪರೀತ ಗಾಳಿ. ಎರಡು ತಾಸು ಹೊಗೆ ಎಳೆದೆವು. ಮೊದಲ ಬಾಟಲಿಗಳ ಪೊಟ್ಯಾಸಿಯಂ ಕ್ಲೋರೈಡಿಗೆ ಆಕ್ಸಿಡೀಕೃತ ಪಾದರಸ ಸಿಗುತ್ತದೆ. ಅಲ್ಲಿ ನಿಲ್ಲದ ಆವಿಗೆ ಕೊನೆಯ ಪರ್ಮಾಂಗನೇಟು. ಬೆರಳಿನ ಕಂದು ಕಲೆ ತೊಳೆದರೂ ಹೋಗಿಲ್ಲ.

ಜುಲೈ 10, ರಾತ್ರಿ
ಅಂದುಕೊಂಡಂತೆಯೇ ಕೊನೆಯ ಬಾಟಲಿಗಳಲ್ಲೇ ಹೆಚ್ಚು. ಕುಲುಮೆಯ ಕಾವಿಗೆ ಪಾದರಸವೆಲ್ಲ ಆವಿಯಾಗುತ್ತದೆ. ತಣಿಯುವಾಗ ಕ್ಲೋರಿನ್ ಸಿಕ್ಕರೆ ನೀರಿಗೆ ಕರಗುವ ರೂಪಕ್ಕೆ ಬರುತ್ತದೆ. ನಮ್ಮ ಕಲ್ಲಿದ್ದಲಲ್ಲಿ ಕ್ಲೋರಿನ್ ಕಡಿಮೆ, ಬೂದಿ ಹೆಚ್ಚು. ಬೂದಿಗೆ ಅಂಟಿದ್ದನ್ನು ಹೊಗೆಯ ಬೂದಿ ಸೆಳೆಯುವ ಯಂತ್ರ ಇಎಸ್‌ಪಿ ಹಿಡಿಯುತ್ತದೆ. ಉಳಿದದ್ದು ಹೊರಗೆ, ತಿಂಗಳುಗಟ್ಟಲೆ ಗಾಳಿಯಲ್ಲಿ.

ವರದಿಯಲ್ಲಿ ‘ಮಿತಿಯೊಳಗೆ’ ಎಂದು ಬರೆದೆ. ಸುಳ್ಳಲ್ಲ. ಆದರೆ ಮಿತಿ ಘನ ಮೀಟರಿಗೆ 0.03 ಮಿಲಿಗ್ರಾಂ, ಅಂದರೆ 30 ಮೈಕ್ರೋಗ್ರಾಂ. ದೊಡ್ಡ ಹಳೆಯ ಕಲ್ಲಿದ್ದಲು ಸ್ಥಾವರಗಳಿಗೂ ಯುರೋಪ್ 2017ರಲ್ಲಿ ನಿಗದಿ ಮಾಡಿದ ಮಟ್ಟ 1ರಿಂದ 4 ಮೈಕ್ರೋಗ್ರಾಂ.

ಜುಲೈ 12
ಪತ್ರಿಕೆಯಲ್ಲಿ ಸುದ್ದಿ. ಬಹುಪಾಲು ಸ್ಥಾವರಗಳಿಗೆ ಗಂಧಕ ತೊಳೆಯುವ ಎಫ್‌ಜಿಡಿ ಇನ್ನು ಕಡ್ಡಾಯವಲ್ಲ. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆಯಂತೆ. ಇರಬಹುದು. ಆದರೆ ಕರಗುವ ಪಾದರಸವೂ ಅದೇ ನೀರಿನಲ್ಲಿ ಸಿಗುತ್ತಿತ್ತಲ್ಲ? ಆ ಮಾತು ಎಲ್ಲೂ ಕಾಣಲಿಲ್ಲ. ಪಾದರಸಕ್ಕೆಂದೇ ನಾವು ಏನನ್ನೂ ಕಟ್ಟಿಲ್ಲ; ಬೇರೆಯದರ ಜೊತೆ ಸಿಕ್ಕಷ್ಟು ಸಿಕ್ಕಿತು. ಈಗ ಆ ನೀರಿನಲ್ಲಿ ಸಿಗಬಹುದಾಗಿದ್ದೂ ಇಲ್ಲ.

ಸಿಟ್ಟು. ಊಟ ಸೇರಲಿಲ್ಲ.

ಜುಲೈ 13, ಭಾನುವಾರ
ದೇವಸೂಗೂರು, ಅವ್ವನ ಮನೆ. ಅವ್ವ ಕೃಷ್ಣೆಯ ಮೀನು ಮಾಡಿದ್ದಳು. ತಂಗಿ ಈಗ ಐದು ತಿಂಗಳ ಬಸುರಿ. ಅವಳ ತಟ್ಟೆಗೆ ಅವ್ವ ಇನ್ನೊಂದು ತುಂಡು ಹಾಕಿದಳು. ನಾನು ಸುಮ್ಮನಿದ್ದೆ.

ನೀರಿಗಿಳಿದ ಪಾದರಸವನ್ನು ಕೆಸರಿನ ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸ ಮಾಡುತ್ತವೆ. ಸಣ್ಣ ಮೀನು, ದೊಡ್ಡ ಮೀನು, ಆಮೇಲೆ ಗರ್ಭದ ಕೂಸಿನ ಮಿದುಳು. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬಯಲಾದದ್ದು ಅದೇ. ಆದರೆ ಅಲ್ಲಿ ಕಾರ್ಖಾನೆಯೇ ಕೊಲ್ಲಿಗೆ ಸುರಿದಿತ್ತು, ಇಲ್ಲಿ ಹಾಗಲ್ಲ. ಈ ಮೀನನ್ನು ನಾನು ಪರೀಕ್ಷಿಸಿಲ್ಲ. ಹೇಳಬೇಕಿತ್ತೇ? ಏನಂತ?

ಜುಲೈ 16
ದಾರಿ ಇಲ್ಲವೆಂದಲ್ಲ. ಬ್ರೋಮಿನ್ ಬೆರೆತ ಇದ್ದಿಲ ಪುಡಿಯನ್ನು ಹೊಗೆಗೆ ಊದಿದರೆ ಆವಿ ಅದಕ್ಕೆ ಅಂಟುತ್ತದೆ. ಅಮೆರಿಕದಲ್ಲಿ ನಿಯಮ ಬಂದ ಮೇಲೆ, 2010ರಲ್ಲಿದ್ದ ಸ್ಥಾವರಗಳ ಪಾದರಸ 2017ರ ಹೊತ್ತಿಗೆ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಇಳಿಯಿತು. ಮುಚ್ಚಿಹೋದ ಸ್ಥಾವರಗಳ ಪಾಲೂ ಅದರಲ್ಲಿದೆ, ಸರಿ.

ಇದ್ದಿಲು ಬೆರೆತರೆ ಬೂದಿ ಕಾಂಕ್ರೀಟಿಗೆ ಸಲ್ಲುವುದು ಕಷ್ಟ ಎಂದ ಸಹೋದ್ಯೋಗಿ. ನಿಜ. ಹಿಡಿದದ್ದೂ ಎಲ್ಲಿಗೋ ಹೋಗಬೇಕು. ಬೂದಿ ಹೊಂಡಕ್ಕೇ? ಉತ್ತರ ಹೊಳೆಯಲಿಲ್ಲ.

ಜುಲೈ 19
2015ರ ಡಿಸೆಂಬರ್ 7ರ ಅಧಿಸೂಚನೆ ಮತ್ತೆ ತೆಗೆದೆ. 2003ರ ಕೊನೆಯೊಳಗೆ ಸ್ಥಾಪನೆಯಾದ ಘಟಕಗಳಲ್ಲಿ 500 ಮೆಗಾವಾಟ್ ಮತ್ತು ಮೇಲಿನವಕ್ಕಷ್ಟೇ ಪಾದರಸದ ಮಿತಿ. ಅವ್ವನ ಊರಿನ ಪಕ್ಕದ ಶಕ್ತಿನಗರದ ಸ್ಥಾವರದಲ್ಲಿ 1985ರಿಂದ 2002ರವರೆಗೆ ಬಂದ ಏಳೂ ಘಟಕಗಳು ತಲಾ 210. 2003ರ ನಂತರ ಬಂದ ಎಂಟನೆಯದಕ್ಕೆ ಮಾತ್ರ ಮಿತಿ ಉಂಟು.

ಅವ್ವನ ಮನೆಯಿಂದ ಕಾಣುವ ಹೊಗೆಯಲ್ಲಿ ಹೆಚ್ಚಿನದಕ್ಕೆ ‘ಮಿತಿಯೊಳಗೆ’ ಎಂದು ಬರೆಯಲು ಮಿತಿಯೇ ಇಲ್ಲ.

ಪಾದರಸ ತಗ್ಗಿಸುವ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಹಳೆಯ ಸ್ಥಾವರಗಳಿಗೆ ಕ್ರಮ ಕೈಗೊಳ್ಳಲು ಹತ್ತು ವರ್ಷದ ಗಡುವು, ಅಂದರೆ 2028. ಅಷ್ಟರೊಳಗೆ ಆ 500ರ ಗೆರೆ ಅಳಿಸಬೇಕು.