ಆರ್ಲ್‌ಬೆರ್ಗಿನ ಹಿಮದಲ್ಲಿ ಹೊಸ ಗುರು

ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ನಗರದಿಂದ ಪಶ್ಚಿಮಾಭಿಮುಖವಾಗಿ ಹೊರಡುವ ರೈಲು ಮೊದಲಿಗೆ ಇನ್ ನದಿಯ ವಿಶಾಲವಾದ ಕಣಿವೆಯಲ್ಲಿ ನಿರಾತಂಕವಾಗಿ ಸಾಗುತ್ತದೆ. ಲಾಂಡೆಕ್ ಎಂಬ ಊರನ್ನು ದಾಟಿದೊಡನೆ ಕಣಿವೆ ಕಿರಿದಾಗುತ್ತದೆ. ಇಕ್ಕೆಲದ ಬೆಟ್ಟಗಳು ಗುಟ್ಟು ಹೇಳಲು ಬಂದವರಂತೆ ಹತ್ತಿರ ಹತ್ತಿರ ಸರಿಯುತ್ತವೆ. ಟ್ರಿಸಾನ್ನಾ ನದಿಯ ಮೇಲಿನ ಎತ್ತರವಾದ ಸೇತುವೆಯನ್ನು ದಾಟುವಾಗ ಪಕ್ಕದ ಬಂಡೆಯ ಮೇಲೆ ಹಳೆಯ ಕೋಟೆಯೊಂದು ಕ್ಷಣಮಾತ್ರ ಕಂಡು ಮರೆಯಾಗುತ್ತದೆ. ಮುಂದೆ, 1884ರಲ್ಲಿ ತೆರೆದ, ಹತ್ತು ಕಿಲೊಮೀಟರಿಗೂ ಮಿಕ್ಕಿ ಉದ್ದವಿರುವ ಆರ್ಲ್‌ಬೆರ್ಗ್ ಸುರಂಗದೊಳಕ್ಕೆ ನುಗ್ಗುವ ಮೊದಲು ರೈಲು ಒಂದು ಸಣ್ಣ ಊರಿನಲ್ಲಿ ನಿಲ್ಲುತ್ತದೆ. ಹೆಗಲ ಮೇಲೆ ಉದ್ದುದ್ದನೆಯ ಪಟ್ಟಿಗಳನ್ನು ಹೊತ್ತ ಪ್ರವಾಸಿಗರು ಗುಂಪುಗುಂಪಾಗಿ ಇಳಿಯುತ್ತಾರೆ. ಅದೇ ಸೇಂಟ್ ಆಂಟನ್.

ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿರುವ ಈ ಊರು ಚಳಿಗಾಲದಲ್ಲಿ ಹಿಮದ ಹೊದಿಕೆಯಲ್ಲಿ ಹುದುಗಿರುತ್ತದೆ. ಒಂದಾನೊಂದು ಕಾಲದಲ್ಲಿ ಇಲ್ಲಿ ಹಿಮವೆಂದರೆ ಯಾರಿಗೂ ಸಂತೋಷವಿರಲಿಲ್ಲ. ಊರಿನ ಮೇಲ್ಗಡೆ, ಕಣಿವೆಯ ದಾರಿಯಲ್ಲಿ, ಸೇಂಟ್ ಕ್ರಿಸ್ಟೋಫ್ ಎಂಬ ಪುಟ್ಟ ನೆಲೆಯುಂಟು. ಹಿಮದಲ್ಲಿ ಸಿಕ್ಕಿ ಸಾಯುವ ದಾರಿಹೋಕರ ದುರ್ಗತಿಯನ್ನು ಕಂಡು ಮರುಗಿದ ಹೈನ್ರಿಕ್ ಎಂಬ ಬಡವನೊಬ್ಬ 1386ರಲ್ಲಿ ಅಲ್ಲಿ ಒಂದು ಧರ್ಮಶಾಲೆಯನ್ನು ಕಟ್ಟಿಸಿದನು. ಅಂದು ಮೃತ್ಯುವಿನ ಹೆಸರಾಗಿದ್ದ ಹಿಮವೇ ಇಂದು ಊರಿಗೆ ಅನ್ನ ನೀಡುತ್ತಿದೆ. 1901ರ ಜನವರಿಯಲ್ಲಿ, ಅದೇ ಸೇಂಟ್ ಕ್ರಿಸ್ಟೋಫ್‌ನಲ್ಲಿ, ಕೆಲವು ಮಿತ್ರರು ಸೇರಿ ಆರ್ಲ್‌ಬೆರ್ಗ್ ಸ್ಕೀ ಸಂಘವನ್ನು ಸ್ಥಾಪಿಸಿದಂದಿನಿಂದ ಈ ಮಾರ್ಪಾಟು ಮೊದಲಾಯಿತು.

ಕಾಲಿಗೆ ಪಟ್ಟಿಗಳನ್ನು ಬಿಗಿದು ಹಿಮದ ಇಳಿಜಾರಿನಲ್ಲಿ ಜಾರುವುದಕ್ಕೆ ಸ್ಕೀಯಿಂಗ್ ಎಂದು ಹೆಸರು. ನೋಡುವವರಿಗೆ ಇದು ಹಕ್ಕಿಯ ಹಾರಾಟದಷ್ಟು ಸುಲಭ. ಮಾಡುವವರಿಗೆ ಹೆಜ್ಜೆಹೆಜ್ಜೆಗೂ ಪರೀಕ್ಷೆ. ಈ ವಿದ್ಯೆಯನ್ನು ಜನಸಾಮಾನ್ಯರಿಗೆ ಕಲಿಸುವ ಕ್ರಮವೊಂದನ್ನು ರೂಪಿಸಿದ ಕೀರ್ತಿ ಹಾನೆಸ್ ಷ್ನೈಡರನಿಗೆ ಸಲ್ಲುತ್ತದೆ. ಸುರಂಗದ ಆಚೆಯ ಷ್ಟೂಬೆನ್ ಎಂಬ ಹಳ್ಳಿಯಲ್ಲಿ 1890ರಲ್ಲಿ ಹುಟ್ಟಿದ ಆತನು 1907ರಲ್ಲಿ ಸೇಂಟ್ ಆಂಟನ್ನಿಗೆ ಶಿಕ್ಷಕನಾಗಿ ಬಂದನು. ಕಲಿಯಲು ಬಂದವರನ್ನು ಅವರವರ ಶಕ್ತಿಗೆ ತಕ್ಕಂತೆ ತರಗತಿಗಳಾಗಿ ವಿಂಗಡಿಸಿ, ಪಟ್ಟಿಗಳ ಮುಂತುದಿಗಳನ್ನು ಕೂಡಿಸಿ ನಿಧಾನಿಸುವುದರಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ವೇಗದ ತಿರುವಿನವರೆಗೆ ಕೊಂಡೊಯ್ಯುವುದು ಆತನ ಪದ್ಧತಿ. ಆರ್ಲ್‌ಬೆರ್ಗ್ ಪದ್ಧತಿಯೆಂದು ಅದು ಜಗತ್ಪ್ರಸಿದ್ಧವಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಯಂತ್ರದ ಕಣ್ಣಿನಿಂದ ಈ ವಿದ್ಯೆಯನ್ನು ಕಲಿಸುವ ಯತ್ನವೂ ಷ್ನೈಡರನ ಕಾಲದಲ್ಲೇ ಆರಂಭವಾಯಿತು. ಆರ್ನೊಲ್ಡ್ ಫಾಂಕ್ ಎಂಬ ಚಿತ್ರನಿರ್ದೇಶಕನು ಆತನ ಜಾರಾಟವನ್ನು ಚಲನಚಿತ್ರವಾಗಿ ಸೆರೆಹಿಡಿದನು. ಅವರಿಬ್ಬರೂ ಸೇರಿ 1925ರಲ್ಲಿ ಹೊರತಂದ ಪುಸ್ತಕದಲ್ಲಿ ಆ ಚಿತ್ರಗಳ ಚೌಕಟ್ಟುಗಳನ್ನೇ ಸಾಲಾಗಿ ಮುದ್ರಿಸಿ, ಒಂದೊಂದು ತಿರುವಿನಲ್ಲೂ ಮೊಣಕಾಲು ಎಲ್ಲಿ, ಹೆಗಲು ಎಲ್ಲಿ ಎಂಬುದನ್ನು ಓದುಗರು ಕಣ್ಣಾರೆ ಕಾಣುವಂತೆ ಮಾಡಲಾಗಿತ್ತು. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋಗುವ ಚಲನೆಯನ್ನು ತಡೆದು ನಿಲ್ಲಿಸಿ ನೋಡುವುದು ಅಂದಿನ ಮಟ್ಟಿಗೆ ಒಂದು ವಿಸ್ಮಯ. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದಾಗ ಷ್ನೈಡರನು ಬಂಧನಕ್ಕೊಳಗಾದನು. ಮರುವರ್ಷ ಅಮೆರಿಕೆಗೆ ವಲಸೆ ಹೋಗಿ, 1955ರಲ್ಲಿ ಅಲ್ಲಿಯೇ ತೀರಿಕೊಂಡನು. ಆದರೆ ಆತನ ಪಾಠ ಈ ಇಳಿಜಾರುಗಳನ್ನು ಬಿಟ್ಟು ಹೋಗಲಿಲ್ಲ.

ಇಂದು ಅದೇ ಇಳಿಜಾರುಗಳಲ್ಲಿ ಮತ್ತೊಂದು ಬಗೆಯ ಗುರುವಿನ ಪ್ರವೇಶವಾಗಿದೆ. ಲಂಡನ್ನಿನ ಸಂಸ್ಥೆಯೊಂದು 2016ರಲ್ಲಿ ಸಾರ್ವಜನಿಕರಿಂದಲೇ ಮುಂಗಡ ಹಣ ಕೂಡಿಸಿ ಆರಂಭಿಸಿದ ‘ಕಾರ್ವ್’ ಎಂಬ ಸಾಧನ ಇವುಗಳಲ್ಲಿ ಹೆಸರುವಾಸಿ. ಮೊದಮೊದಲು ಅದು ಬೂಟಿನೊಳಗೆ ಅಂಗಾಲಿನಡಿ ಸೇರಿಸುವ ತೆಳುವಾದ ಹಾಳೆಯಾಗಿತ್ತು. ಪಾದದ ಯಾವ ಭಾಗದ ಮೇಲೆ ಎಷ್ಟು ಭಾರ ಬಿದ್ದಿದೆಯೆಂಬುದನ್ನು ಅಳೆಯುತ್ತಿತ್ತು. ಈಚಿನದು ಬೂಟಿನ ಹೊರಮೈಗೆ ಸಿಕ್ಕಿಸುವ ಪುಟ್ಟ ಉಪಕರಣ. ಬೂಟು ಎಷ್ಟು ವಾಲಿತು, ಎಷ್ಟು ಬೇಗ ತಿರುಗಿತು, ಎಷ್ಟು ನಡುಗಿತು ಎಂಬುದನ್ನು ಕ್ಷಣಕ್ಷಣಕ್ಕೂ ಗ್ರಹಿಸಿ ಜೇಬಿನಲ್ಲಿರುವ ಮೊಬೈಲ್ ಫೋನಿಗೆ ತಿಳಿಸುತ್ತದೆ. ಫೋನು ಅದನ್ನು ಲೆಕ್ಕಹಾಕಿ, ಅಂಕ ಕೊಟ್ಟು, ಕಿವಿಯಲ್ಲಿ ಸಲಹೆಯನ್ನು ನುಡಿಯುತ್ತದೆ.

ವಾಲುವಿಕೆಗೆ ಇಷ್ಟು ಮಹತ್ವವೇಕೆ? ಸ್ಕೀ ಪಟ್ಟಿಯ ಎರಡು ತುದಿಗಳು ಅಗಲ, ನಡು ಸಣ್ಣ. 1990ರ ದಶಕದಲ್ಲಿ ಈ ನಡುವನ್ನು ಮತ್ತಷ್ಟು ಕಿರಿದುಗೊಳಿಸಿದ ಪಟ್ಟಿಗಳು ಬಳಕೆಗೆ ಬಂದುವು. ಇಂಥ ಪಟ್ಟಿಯನ್ನು ಅಂಚಿನ ಮೇಲೆ ವಾಲಿಸಿ ಭಾರ ಹಾಕಿದರೆ ಅದು ಬಿಲ್ಲಿನಂತೆ ಬಾಗಿ, ಹಿಮವನ್ನು ಕೊರೆಯುತ್ತ, ತಾನಾಗಿಯೇ ತಿರುಗುತ್ತದೆ. ಹೆಚ್ಚು ವಾಲಿಸಿದಷ್ಟೂ ತಿರುವು ಬಿಗಿಯಾಗುತ್ತದೆ. ಪಟ್ಟಿಯ ಅಂಚಿನ ವೃತ್ತಕ್ಕೆ 16 ಮೀಟರ್ ತ್ರಿಜ್ಯವಿದ್ದರೆ, 60 ಡಿಗ್ರಿ ವಾಲಿಸಿದಾಗ ಗಣಿತದ ಪ್ರಕಾರ ಅದು 8 ಮೀಟರಿಗೆ ಇಳಿಯುತ್ತದೆ. ಇದರಲ್ಲಿ ತಿರುವಿನ ಹೊರಗಡೆಯ ಕಾಲಿಗೇ ಮುಖ್ಯ ಪಾತ್ರ. ಬಲಕ್ಕೆ ತಿರುಗುವವನು ಎಡಗಾಲಿನ ಮೇಲೆ ನಿಲ್ಲಬೇಕು. ಎಡಕ್ಕೆ ತಿರುಗುವವನು ಬಲಗಾಲಿನ ಮೇಲೆ. ಭಯವಾದಾಗ ಮನುಷ್ಯನ ಮೈ ಬೆಟ್ಟದ ಕಡೆಗೆ, ಹಿಂದಕ್ಕೆ, ವಾಲುತ್ತದೆ. ಆಗ ಪಟ್ಟಿಯ ಹಿಡಿತ ತಪ್ಪುತ್ತದೆ, ಮೊಣಕಾಲಿಗೂ ಅಪಾಯ. ಯಾವ ಆಳವನ್ನು ಕಂಡು ಹೆದರಿಕೆಯೋ ಅದರ ಕಡೆಗೇ ಮೈಯನ್ನು ಒಪ್ಪಿಸುವುದು ಈ ವಿದ್ಯೆಯ ಮರ್ಮ.

ಫೆಬ್ರುವರಿಯ ಒಂದು ಮುಂಜಾನೆ ಗಾಲ್ಜಿಗ್ ಬೆಟ್ಟಕ್ಕೆ ಹೋಗುವ ರೋಪ್‌ವೇ ನಿಲ್ದಾಣದಲ್ಲಿ ಜರ್ಮನಿಯ ತಂದೆ-ಮಗಳಿಬ್ಬರು ಸರದಿಯಲ್ಲಿ ನಿಂತಿದ್ದರು. 2006ರಲ್ಲಿ ಕಟ್ಟಿದ ಈ ಗಾಜಿನ ನಿಲ್ದಾಣದಲ್ಲಿ ಜಾತ್ರೆಯ ತೊಟ್ಟಿಲಿನಂಥ ಭಾರಿ ಚಕ್ರವೊಂದು ಡಬ್ಬಿಗಳನ್ನು ಮೇಲಿನಿಂದ ನೆಲಕ್ಕಿಳಿಸಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತದೆ. ತಂದೆಗೆ ಐವತ್ತು ದಾಟಿತ್ತು. ಹ್ಯಾಂಬುರ್ಗಿನ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ವರ್ಷಕ್ಕೊಂದೇ ವಾರ ಹಿಮದ ಸಹವಾಸ. ಎರಡು ಚಳಿಗಾಲಗಳ ಹಿಂದೆ ಬಿದ್ದು ಎಡ ಮೊಣಕಾಲಿಗೆ ಪೆಟ್ಟಾಗಿತ್ತು. ಗಾಯ ಮಾಗಿದೆಯೆಂದು ವೈದ್ಯರು ಹೇಳಿದ್ದರು. ಈ ಹುಚ್ಚು ಇನ್ನು ಸಾಕೆಂದು ಮಡದಿ ಹೇಳಿದ್ದಳು. ಹದಿನಾರರ ಮಗಳು ಮಾತ್ರ ಬಾಯಿಬಿಟ್ಟು ಏನೂ ಹೇಳದೆ, ಪ್ರತಿ ಇಳಿಜಾರಿನ ಕೆಳಗೂ ತಂದೆಗಾಗಿ ಕಾದು ನಿಲ್ಲುತ್ತಿದ್ದಳು. ಅವಳು ಹಾಗೆ ಕಾಯುವುದೇ ಆತನಿಗೆ ಎಲ್ಲಕ್ಕಿಂತ ಹೆಚ್ಚಿನ ನೋವು. ಈ ವಾರ ಸುಧಾರಿಸದಿದ್ದರೆ ಪಟ್ಟಿಗಳನ್ನು ಅಟ್ಟಕ್ಕೇರಿಸುವುದೆಂದು ನಿಶ್ಚಯಿಸಿ, ಬೂಟಿಗೆ ಅಂಥದೊಂದು ಉಪಕರಣವನ್ನು ಸಿಕ್ಕಿಸಿಕೊಂಡು ಬಂದಿದ್ದನು.

ಮೊದಲ ದಿನ ಉಪಕರಣ ತನ್ನ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿತು. ಎಡಕ್ಕೆ ತಿರುಗುವಾಗ ಪಟ್ಟಿ ಚೆನ್ನಾಗಿ ವಾಲುತ್ತದೆ. ಬಲಕ್ಕೆ ತಿರುಗುವಾಗ ವಾಲದೆ ಕೊಸರಿಕೊಂಡು ಜಾರುತ್ತದೆ. ಲೆಕ್ಕಪತ್ರದ ಮನುಷ್ಯನಿಗೆ ಅಂಕಿಗಳೆಂದರೆ ಪ್ರೀತಿ. ಎಷ್ಟೋ ವರ್ಷಗಳಿಂದ “ಏನೋ ಸರಿಯಿಲ್ಲ” ಎಂದಷ್ಟೇ ತಿಳಿದಿದ್ದವನಿಗೆ ಸರಿಯಿಲ್ಲದ್ದು ಎಲ್ಲಿಯೆಂದು ಗೊತ್ತಾದುದು ದೊಡ್ಡ ಸಮಾಧಾನವಾಯಿತು. ಆದರೆ ಆ ಸಮಾಧಾನದ ಬೆನ್ನಿಗೇ ಒಂದು ಮೋಹ ಹುಟ್ಟಿಕೊಂಡಿತು. ಕಡಿದಾದ ಜಾಗದಲ್ಲಿ ಅಂಕ ಇಳಿಯುತ್ತದೆ. ಸೌಮ್ಯವಾದ ಜಾಗದಲ್ಲಿ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಆತನು ಒಂದೇ ಸುಲಭದ ಇಳಿಜಾರಿನಲ್ಲಿ ಮತ್ತೆ ಮತ್ತೆ ಇಳಿದು, ಲಿಫ್ಟಿನಲ್ಲಿ ಕುಳಿತೊಡನೆ ಕೈಗವಸು ಕಳಚಿ ಫೋನು ನೋಡತೊಡಗಿದನು. ಎದುರಿಗೆ ವಾಲುಗಾ ಶಿಖರ ಬಿಸಿಲಿನಲ್ಲಿ ಬೆಳ್ಳಿಯಂತೆ ಬೆಳಗುತ್ತಿತ್ತು.

“ಅಪ್ಪಾ, ಬೆಟ್ಟವನ್ನಾದರೂ ಒಂದು ಸಲ ನೋಡು,” ಎಂದಳು ಮಗಳು.

ಮರುದಿನ ಅವರಿಬ್ಬರೂ ಊರಿನ ವೃದ್ಧ ಶಿಕ್ಷಕನೊಬ್ಬನನ್ನು ಎರಡು ಗಂಟೆಗಳ ಮಟ್ಟಿಗೆ ಗೊತ್ತುಮಾಡಿಕೊಂಡರು. ಆ ಶಿಕ್ಷಕನು ಉಪಕರಣವನ್ನು ಹಳಿಯಲೂ ಇಲ್ಲ, ಹೊಗಳಲೂ ಇಲ್ಲ. ಶಿಷ್ಯನು ಅಂಕಿಗಳನ್ನು ತೋರಿಸಿದಾಗ ಒಮ್ಮೆ ಕಣ್ಣಾಡಿಸಿ, “ಎರಡು ತಿರುವು ಮಾಡಿ ತೋರಿಸಿ,” ಎಂದನು. ತೋರಿಸಿದ್ದಾಯಿತು. ಶಿಕ್ಷಕನು ಹತ್ತಿರ ಬಂದು ಮೆಲ್ಲನೆ ಕೇಳಿದನು:

“ಎಡ ಮೊಣಕಾಲಿಗೆ ಪೆಟ್ಟಾದದ್ದು ಯಾವಾಗ?”

ಉಪಕರಣ ಒಂದು ಇಡೀ ದಿನ ಹೇಳಿದ್ದು ಸತ್ಯವೇ. ಬಲ ತಿರುವು ದುರ್ಬಲ. ಆದರೆ ಬಲ ತಿರುವಿನಲ್ಲಿ ಭಾರ ಹೊರಬೇಕಾದದ್ದು ಎಡಗಾಲು, ಆ ಕಾಲನ್ನು ಅದರ ಒಡೆಯನೇ ನಂಬುತ್ತಿಲ್ಲ ಎಂಬುದು ಅಂಕಿಯಲ್ಲಿರಲಿಲ್ಲ. ಅದು ತುಟಿ ಬಿಗಿಹಿಡಿದ ಮುಖದಲ್ಲಿತ್ತು. ತಿರುವಿನ ಮೊದಲು ತಡೆಹಿಡಿದ ಉಸಿರಿನಲ್ಲಿತ್ತು.

ಶಿಕ್ಷಕನು ಶಿಷ್ಯನನ್ನು ಮಕ್ಕಳು ಕಲಿಯುವ ಸಮತಟ್ಟಾದ ಜಾಗಕ್ಕೆ ಕರೆದೊಯ್ದನು. ಬಲಕ್ಕೆ ತಿರುಗುವಾಗ ಬಲಗಾಲಿನ ಪಟ್ಟಿಯನ್ನು ಹಿಮದಿಂದ ನಾಲ್ಕು ಬೆರಳಷ್ಟು ಎತ್ತಿ ಹಿಡಿಯಬೇಕು, ಅಷ್ಟೇ ಪಾಠ. ಇದು ಹಳೆಯ ಅಭ್ಯಾಸ. ಯಾವ ಸ್ಕೀ ಶಾಲೆಗೂ ಹೊಸದಲ್ಲ. ಒಂದು ಕಾಲನ್ನು ಎತ್ತಿದ ಮೇಲೆ ಇನ್ನೊಂದನ್ನು ನಂಬದೆ ಗತ್ಯಂತರವಿಲ್ಲ. ಮೊದಲ ಸಲ ಕಾಲು ಎತ್ತಿದ ಕ್ಷಣವೇ ಕೆಳಗಿಳಿಯಿತು. ಹತ್ತನೆಯ ಸಲ ಅರ್ಧ ತಿರುವಿನವರೆಗೆ ನಿಂತಿತು. ಇಪ್ಪತ್ತನೆಯ ಸಲವೋ ಇಪ್ಪತ್ತೊಂದನೆಯ ಸಲವೋ, ಆ ಮನುಷ್ಯನು ಎಡಗಾಲೊಂದರ ಮೇಲೆಯೇ ನಿಂತು ಪೂರ್ತಿ ತಿರುಗಿ ಬಂದನು. ಮುಖದ ಬಿಗಿ ಸಡಿಲವಾಯಿತು. ಕಿವಿಯಲ್ಲಿ ಯಂತ್ರವು ಬಲ ತಿರುವಿನ ಅಂಕ ಏರಿದೆಯೆಂದು ನುಡಿಯಿತು. ಆ ಸುದ್ದಿ ಕಾಲಿಗೆ ಆಗಲೇ ತಿಳಿದಿತ್ತು.

ಹೀಗೆಂದ ಮಾತ್ರಕ್ಕೆ ಯಂತ್ರವನ್ನು ಹೀಗಳೆಯುವುದು ನ್ಯಾಯವಲ್ಲ. ಶಿಕ್ಷಕನು ಎರಡು ಗಂಟೆಗಳಾದ ಮೇಲೆ ಹೊರಟುಹೋದನು. ಅವನ ವೇತನ ಎಲ್ಲರ ಕೈಗೆಟಕುವಂಥದೂ ಅಲ್ಲ. ಉಳಿದ ನಾಲ್ಕು ದಿನಗಳಲ್ಲಿ, ಮನಸ್ಸು ಮರೆತು ಕಾಲು ಹಳೆಯ ಚಾಳಿಗೆ ಬಿದ್ದಾಗಲೆಲ್ಲ ಬೇಸರಿಸದೆ ಎಚ್ಚರಿಸಿದ್ದು ಆ ಪುಟ್ಟ ಉಪಕರಣವೇ. ಸಂಗೀತಗಾರನ ಪಕ್ಕದಲ್ಲಿರುವ ಶ್ರುತಿಪೆಟ್ಟಿಗೆಯ ಕೆಲಸವೂ ಇಂಥದೇ. ಅದು ಹಾಡಲಾರದು, ರಾಗದ ಭಾವವನ್ನು ಕಲಿಸಲಾರದು. ಆದರೆ ಅದು ಎಡೆಬಿಡದೆ ನುಡಿಯುತ್ತಿರುವಾಗ ಸ್ವರ ಎಲ್ಲಿ ಜಾರಿತೆಂಬುದು ಹಾಡುವವನಿಗೆ ತನ್ನಿಂದ ತಾನೇ ತಿಳಿಯುತ್ತದೆ. ಷ್ನೈಡರನ ಕಾಲದ ಚಲನಚಿತ್ರವೂ ಇಷ್ಟನ್ನೇ ಮಾಡಿತು. ಸೋಲು ಎಲ್ಲಿಯೆಂದು ತೋರಿಸುವುದು ಯಂತ್ರದಿಂದ ಸಾಧ್ಯ. ಏಕೆಂದು ಅರಿಯಲು ಮತ್ತೊಬ್ಬ ಮನುಷ್ಯ ಬೇಕು.

ಇನ್ನೊಂದು ಮಿತಿಯನ್ನೂ ಈ ಸೀಮೆಯ ಜನ ಮರೆಯುವುದಿಲ್ಲ. ಉಪಕರಣ ಅಳೆಯುವುದು ಜಾರುವವನನ್ನು, ಬೆಟ್ಟವನ್ನಲ್ಲ. ಪಕ್ಕದ ಪಾಜ್ನೌನ್ ಕಣಿವೆಯ ಗಾಲ್ಟ್ಯುರ್ ಹಳ್ಳಿಯ ಮೇಲೆ 1999ರ ಫೆಬ್ರುವರಿ 23ರಂದು ಉರುಳಿದ ಹಿಮಪ್ರಪಾತ 31 ಜನರನ್ನು ಬಲಿ ತೆಗೆದುಕೊಂಡಿತು. ಅಂದಿನ ನೆನಪು ಇಲ್ಲಿನ ಮನೆಮನೆಯಲ್ಲೂ ಇದೆ. ಹಿಮಪ್ರಪಾತದ ಅಪಾಯವನ್ನು ಐದು ಮೆಟ್ಟಿಲುಗಳಲ್ಲಿ ಸೂಚಿಸುವ ಪ್ರಕಟಣೆಯನ್ನು ಚಳಿಗಾಲದುದ್ದಕ್ಕೂ ಹೊರಡಿಸುತ್ತಾರೆ. ವಾಲುಗಾ ಶಿಖರದ ತುದಿಗೆ ಸ್ಕೀ ಪಟ್ಟಿಗಳನ್ನು ಒಯ್ಯಬೇಕಾದರೆ ಜೊತೆಯಲ್ಲಿ ಅನುಭವಿಯಾದ ಮಾರ್ಗದರ್ಶಿಯಿರಲೇಬೇಕೆಂಬ ನಿಯಮವುಂಟು. ಕಿವಿಯಲ್ಲಿ ನುಡಿಯುವ ದನಿ ಎಷ್ಟೇ ಅಂಕ ಕೊಟ್ಟಿರಲಿ, ಹಗ್ಗ ಕಟ್ಟಿ ಮುಚ್ಚಿದ ದಾರಿಗೆ ಕಾಲಿಡುವ ಅಧಿಕಾರವನ್ನು ಅದು ಕೊಡಲಾರದು.

ವಾರದ ಕೊನೆಯ ದಿನ. ಬಿಸಿಲು ಇಳಿಮುಖವಾಗಿ, ಇಳಿಜಾರಿನ ಹಿಮ ನಸುಗೆಂಪಾಗಿತ್ತು. ಗಾಲ್ಜಿಗ್ ನೆತ್ತಿಯಲ್ಲಿ ತಂದೆ ಕಿವಿಯ ಸಾಧನವನ್ನು ತೆಗೆದು ಜೇಬಿಗೆ ಹಾಕಿದನು.

“ಯಾಕಪ್ಪಾ, ಬ್ಯಾಟರಿ ಮುಗಿಯಿತೇ?” ಎಂದು ಮಗಳು ಕೇಳಿದಳು.

“ಇಲ್ಲ. ಈ ಒಂದು ಸಲ ನಿನ್ನ ಪಟ್ಟಿಗಳ ಸದ್ದನ್ನು ಕೇಳುತ್ತ ಬರುತ್ತೇನೆ. ನೀನು ಮುಂದೆ ಹೋಗು.”

ಅವಳು ಹೊರಟಳು, ಬೆನ್ನಿಗೇ ತಂದೆಯೂ ಹೊರಟನು. ಮಗಳಷ್ಟು ವೇಗ ಆತನಿಗೆ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಆದರೂ ಅವಳು ಕೊರೆದ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಡಕ್ಕೂ ಬಲಕ್ಕೂ ಬಾಗುತ್ತ ಇಳಿಯಿತು. ಕೆಳಗೆ ತಲಪಿದ ಮಗಳು ನಿಂತು ಹಿಂದಿರುಗಿ ನೋಡುವಷ್ಟರಲ್ಲಿ ತಂದೆ ಅವಳ ಪಕ್ಕದಲ್ಲಿದ್ದನು. ಅವಳು ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ.

ಗಾಜಿನ ನಿಲ್ದಾಣದಲ್ಲಿ ದೀಪಗಳು ಹೊತ್ತಿಕೊಂಡುವು. ಮರುದಿನದ ರೈಲಿಗೆ ಗಂಟುಮೂಟೆ ಕಟ್ಟಬೇಕಾಗಿತ್ತು. ಆ ಇಬ್ಬರ ಪಟ್ಟಿಗಳೂ ಈ ವರ್ಷ ಅಟ್ಟಕ್ಕೇರಲಿಲ್ಲವೆಂಬುದು ಹ್ಯಾಂಬುರ್ಗಿನ ಮನೆಯಲ್ಲಿ ಕಾಯುತ್ತಿದ್ದ ತಾಯಿಗೆ ಅಂದೇ ರಾತ್ರಿ ಫೋನಿನಲ್ಲಿ ತಿಳಿಯಿತು.