ಕಾಲು ಭಾಗದ ಗ್ರಹಣ

2017ರ ಆಗಸ್ಟ್ 7, ನೂಲು ಹುಣ್ಣಿಮೆ. ತುರುವೇಕೆರೆ ಸೀಮೆಯಲ್ಲಿ ಮಳೆ ಕೈಕೊಟ್ಟು ತೆಂಗಿನ ಮರಗಳು ಸುಳಿ ಒಣಗಿ ನಿಂತಿದ್ದ ಕಾಲ ಅದು. ಕೊಬ್ಬರಿ ಸುಲಿದ ಮಟ್ಟೆ ಕಣದಲ್ಲಿ ರಾಶಿ ಬಿದ್ದಿತ್ತು. ಅದಕ್ಕೇ ಬೆಂಕಿ ಹಚ್ಚಿ ಸುತ್ತ ಕೂತಿದ್ದೆವು. ಗ್ರಹಣ ಹಿಡಿಯುವುದು ರಾತ್ರಿ 10.52ಕ್ಕೆ. ಅವ್ವ ಮೊದಲೇ ಉಪ್ಪಿನಕಾಯಿ ಜಾಡಿ, ಮೊಸರಿನ ಗಡಿಗೆಗೆಲ್ಲ ದರ್ಬೆ ಹಾಕಿ, ಕಂಚಿನ ತಟ್ಟೆಗೆ ನೀರು ಹುಯ್ದು ಒನಕೆ ನಿಲ್ಲಿಸಿದ್ದಳು. ಒನಕೆ ಅಲ್ಲಾಡದೆ ನಿಂತಿತ್ತು. ಮಕ್ಕಳು ಚಂದ್ರನಿಗಿಂತ ಅದನ್ನೇ ಹೆಚ್ಚು ನೋಡಿದವು.

ಚಂದ್ರನ ಕೆಳ ಅಂಚು ಮೊದಲು ಮಂಕಾಯಿತು, ಆಮೇಲೆ ಕಪ್ಪಾಯಿತು. 11.50ಕ್ಕೆ ವ್ಯಾಸದ ಸುಮಾರು ಕಾಲು ಭಾಗ ನೆರಳೊಳಗೆ ಹೋಗಿತ್ತು. ಅಲ್ಲಿಗೆ ನಿಂತಿತು.

"ಇಷ್ಟಕ್ಕೇ ಇಷ್ಟೆಲ್ಲ ಮಾಡ್ಬೇಕಾ ಅವ್ವಾ?" ಅಂದ ನಮ್ಮ ಹುಡುಗ.

ಪಕ್ಕದ ತೋಟದ ನಿವೃತ್ತ ಮೇಷ್ಟ್ರು ಕೂತಲ್ಲಿಂದಲೇ ತಿರುಗಿದರು. ಗಣಿತ ಹೇಳಿಕೊಟ್ಟು ಜೀವ ಸವೆಸಿದವರು. "ಇಷ್ಟನ್ನೇ ಬರೆದಿಟ್ಟವ್ರೆ ಕಣ್ಲಾ ಮಗ. ಬ್ಯಾಬಿಲೋನಿನವರು, ಕ್ರಿಸ್ತಪೂರ್ವ 720ರ ಮಾರ್ಚ್‌ನಲ್ಲಿ. ಚಂದ್ರನ ಅಗಲ ಹನ್ನೆರಡು ಅಂಗುಲ ಅಂತ ಇಟ್ಕಂಡ್ರೆ, ದಕ್ಷಿಣದ ಕಡೆಯಿಂದ ಮೂರು ಅಂಗುಲ ಮುಚ್ಚಿತ್ತು, ಸರಿಯಾಗಿ ನಡುರಾತ್ರಿ."

ಹನ್ನೆರಡರಲ್ಲಿ ಮೂರು, ಅಂದರೆ ಕಾಲು. ನಮ್ಮ ಕಣ್ಣೆದುರು ಕಪ್ಪಾಗಿದ್ದದ್ದೂ ದಕ್ಷಿಣದ ಅಂಚೇ, ಹೊತ್ತೂ ನಡುರಾತ್ರಿಗೆ ಹತ್ತಿರ. ನನಗೆ ಮೈ ಜುಮ್ಮೆಂದಿತು. ಸುಮಾರು ಒಂಬೈನೂರು ವರ್ಷ ಕಳೆದ ಮೇಲೆ ಅಲೆಕ್ಸಾಂಡ್ರಿಯಾದ ಟಾಲೆಮಿ ತನ್ನ 'ಆಲ್ಮಜೆಸ್ಟ್'ನಲ್ಲಿ ಚಂದ್ರನ ಚಲನೆ ಲೆಕ್ಕ ಹಾಕಿದ್ದು ಈ ಗ್ರಹಣ ಮತ್ತು ಅದರ ಆಸುಪಾಸಿನ ಇನ್ನೆರಡನ್ನು ಆಧಾರ ಮಾಡಿಕೊಂಡೇ. ಬ್ಯಾಬಿಲೋನಿನ ಯಾವನೋ ಒಬ್ಬ ನಿದ್ದೆಗೆಟ್ಟು ಕೂತು ಮೂರೇ ಅಂಗುಲ ಎಂದು ಅಳೆದದ್ದು ಎಷ್ಟು ದೂರ ಬಂತು!

"ಆವತ್ತು ನಮ್ಮೂರಲ್ಲೂ ಕಂಡಿರ್ತದಾ?"

ಮೇಷ್ಟ್ರು ಕೊಳ್ಳಿ ತೆಗೆದು ನೆಲದ ಮೇಲೆ ಗೀಚಿದರು. ಬ್ಯಾಬಿಲೋನಿಗೂ ನಮಗೂ ರೇಖಾಂಶದಲ್ಲಿ 32 ಡಿಗ್ರಿ ಅಂತರ, ಡಿಗ್ರಿಗೆ ನಾಲ್ಕು ನಿಮಿಷ. "ಇಲ್ಲಿ ರಾತ್ರಿ ಎರಡು ಗಂಟೆ ದಾಟಿತ್ತು. ಮೋಡ ಇಲ್ದಿದ್ರೆ ಎದ್ದಿದ್ದೋರಿಗೆ ಕಂಡೇ ಕಂಡಿರ್ತದೆ. ಆಗ ಇಲ್ಲಿ ಬರಹ ಇರಲಿಲ್ಲ, ಅಷ್ಟೇ."

ಬರಹ ಬಂದ ಮೇಲೆ ನಮ್ಮವರು ಕಲ್ಲಲ್ಲೇ ಕಡೆಸಿದರು. ಸೋಮಗ್ರಹಣದ ಪುಣ್ಯಕಾಲದಲ್ಲಿ ಕಾಲು ತೊಳೆದು, ಧಾರೆ ಎರೆದು ಗದ್ದೆ ಬಿಟ್ಟುಕೊಟ್ಟ ಶಾಸನಗಳು ಕರ್ನಾಟಕದ ತುಂಬ ಇವೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟವಾಗಿ ತಂದರು. ಶಕವರ್ಷವನ್ನು ಕಳೆದದ್ದೆಂದು ಎಣಿಸಿದರೋ ನಡೆಯುತ್ತಿರುವುದೆಂದು ಎಣಿಸಿದರೋ ಎಂಬ ಒಂದು ವರ್ಷದ ಗೊಂದಲ ಬಂದಾಗ ಗ್ರಹಣವೇ ಅದನ್ನು ಬಿಡಿಸುತ್ತದೆ. ಕಂದಾಯ ಹೇಳುವ ಕಲ್ಲು ಆಕಾಶದ ಸಾಕ್ಷಿಯನ್ನೂ ಕೊಡುವುದು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ಗ್ರಹಣವೆಂದರೆ ಭೂಮಿಯ ನೆರಳು ಎಂದು ಆರ್ಯಭಟ 499ರಲ್ಲೇ ಹೇಳಿಯಾಗಿತ್ತು. ದಾನ ಕೊಡುವುದು ಅದಕ್ಕಾಗಿ ನಿಲ್ಲಲಿಲ್ಲ.

12.48ಕ್ಕೆ ಮೋಕ್ಷ. ಅವ್ವ ಎಲ್ಲರನ್ನೂ ಸ್ನಾನಕ್ಕೆ ಎಬ್ಬಿಸಿದಳು, ನಾಳೆ ದಾನಕ್ಕೆಂದು ಅಕ್ಕಿ, ಕಾಯಿ ತೆಗೆದಿಟ್ಟಳು. ಮೇಷ್ಟ್ರು ಪಂಚೆ ಕೊಡವಿಕೊಂಡು ಎದ್ದು, "ಕೆರೆ ಏರಿ ಮೇಲಿನ ಕಲ್ಲಿಗೆ ಸುಣ್ಣ ಬಳಿದವ್ರೆ. ಬೆಳಿಗ್ಗೆ ಒಂದು ಬಿಂದಿಗೆ ನೀರು ತಗಂಡು ಬಾ, ತೊಳೆದು ಓದೋಣ," ಎಂದು ಹುಡುಗನಿಗೆ ಹೇಳಿ ಹೊರಟರು.